ದುಬೈಗೆ ಹೋಗಲು ಎರಡೂವರೆ ತಾಸು, ಬರಲು ಐದು ತಾಸು: ಈ ಫಾರ್ವರ್ಡ್ ಲೆಕ್ಕದಲ್ಲಿ ಎಡವಿದ್ದು ಎಲ್ಲಿ?

ಕುಂದಗೋಳ ತಾಲೂಕಿನ ಸಂಶಿಯ ಓದುಗರೊಬ್ಬರು ನಮಗೆ ಎರಡು ಚಿತ್ರ ಕಳಿಸಿದ್ದಾರೆ. ಮೊದಲನೆಯದು ಅವರ ಊರಿನ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿರುವ ಸಂದೇಶ. ಅದರ ಸಾರ ಇಷ್ಟು: "ಬೆಂಗಳೂರಿನಿಂದ ದುಬೈಗೆ ವಿಮಾನ ಎರಡೂವರೆ ತಾಸಿನಲ್ಲಿ ಹೋಗುತ್ತದೆ, ಅದೇ ದಾರಿಯಲ್ಲಿ ವಾಪಸ್ ಬರಲು ಐದು ತಾಸಿಗಿಂತ ಹೆಚ್ಚು ಬೇಕು. ಕಾರಣ, ಭೂಮಿ ಪೂರ್ವಕ್ಕೆ ತಿರುಗುತ್ತದೆ. ಹೋಗುವಾಗ ದುಬೈ ತಾನೇ ವಿಮಾನದ ಕಡೆ ಬರುತ್ತದೆ, ಬರುವಾಗ ಬೆಂಗಳೂರು ದೂರ ಓಡುತ್ತದೆ. ಎಲ್ಲರಿಗೂ ಶೇರ್ ಮಾಡಿ." ಎರಡನೆಯದು ಅವರ ತಮ್ಮನ ಟಿಕೆಟ್. ಕೆಲಸಕ್ಕೆಂದು ಮೊದಲ ಸಲ ದುಬೈಗೆ ಹೊರಟ ಹುಡುಗ. ಟಿಕೆಟ್ ಮಾಡಿಸಿಕೊಟ್ಟವರು "ಇದು ಎರಡೂವರಿ ತಾಸಿನ ಫಾಸ್ಟ್ ಫ್ಲೈಟ್, ಅದಕ್ಕ ರೊಕ್ಕ ಸ್ವಲ್ಪ ಜಾಸ್ತಿ" ಎಂದಿದ್ದರಂತೆ. ಮನೆಯಲ್ಲಿ ಅವ್ವ ಕೇಳಿದ ಪ್ರಶ್ನೆ ಇನ್ನೂ ನೇರ: "ಹೋಗೂದು ಎರಡೂವರಿ ತಾಸು, ಬರೂದು ಐದು ತಾಸು ಅಂದ್ರ, ಬರೂವಾಗ ಸುತ್ತು ಹಾಕಿ ಬರತೈತೇನು?"

ಸುತ್ತು ಹಾಕುವುದಿಲ್ಲ. ಫಾಸ್ಟ್ ಫ್ಲೈಟ್ ಅನ್ನುವುದೂ ಇಲ್ಲ. ತಮಾಷೆ ಏನೆಂದರೆ, ನಿಜವಾದ ಲೆಕ್ಕ ಫಾರ್ವರ್ಡ್ ಹೇಳುವುದಕ್ಕೆ ಹೆಚ್ಚುಕಡಿಮೆ ಉಲ್ಟಾ: ಹೋಗಲು ಸ್ವಲ್ಪ ಹೆಚ್ಚು ಹೊತ್ತು, ಬರಲು ಸ್ವಲ್ಪ ಕಡಿಮೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಈ ಲೇಖನದಲ್ಲಿ 'ಗಂಟೆ' ಎಂದರೆ ಗಡಿಯಾರ ತೋರಿಸುವ ಹೊತ್ತು, 'ತಾಸು' ಎಂದರೆ ಕಳೆದ ಅವಧಿ. ಈ ಎರಡನ್ನೂ ಕಲಸಿಕೊಂಡಿದ್ದರಿಂದಲೇ ಇಷ್ಟೆಲ್ಲ ಗೊಂದಲ ಹುಟ್ಟಿದೆ.

ಟಿಕೆಟ್‌ನಲ್ಲಿರುವುದು ಎರಡು ಬೇರೆ ಗಡಿಯಾರಗಳು

ವಿಮಾನದ ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನ ಗಡಿಯಾರದ್ದು, ಮುಟ್ಟುವ ಸಮಯ ಮುಟ್ಟುವ ಊರಿನ ಗಡಿಯಾರದ್ದು. ಎಲ್ಲ ವಿಮಾನ ಕಂಪನಿಗಳೂ ಹೀಗೇ ಬರೆಯುತ್ತವೆ. ಭಾರತದ ಗಡಿಯಾರ ಲಂಡನ್ ಬಳಿಯ ಗ್ರೀನಿಚ್ ಸಮಯಕ್ಕಿಂತ ಐದೂವರೆ ತಾಸು ಮುಂದಿದೆ, ದುಬೈಯದು ನಾಲ್ಕು ತಾಸು ಮುಂದಿದೆ. ಅಂದರೆ ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಸಂಶಿಯಲ್ಲಿ ಬೆಳಿಗ್ಗೆ 10 ಗಂಟೆ ಆಗಿದ್ದಾಗ ಅಲ್ಲಿ ಇನ್ನೂ 8:30.

ಈಗ ಒಂದು ಉದಾಹರಣೆ ತೆಗೆದುಕೊಳ್ಳಿ. ಬೆಂಗಳೂರಿನಿಂದ ಬೆಳಿಗ್ಗೆ 10:20ಕ್ಕೆ ಹೊರಟ ವಿಮಾನ ದುಬೈಗೆ 12:50ಕ್ಕೆ ಮುಟ್ಟುತ್ತದೆ ಎಂದು ಟಿಕೆಟ್ ಹೇಳುತ್ತದೆ ಎನ್ನಿ. ಸೀದಾ ಕಳೆದರೆ ಎರಡೂವರೆ ತಾಸು. ಆದರೆ ದುಬೈಯಲ್ಲಿ 12:50 ಆದಾಗ ಬೆಂಗಳೂರಿನಲ್ಲಿ 2:20 ಆಗಿರುತ್ತದೆ. ಹುಡುಗ ವಿಮಾನದಲ್ಲಿ ಕೂತಿದ್ದು ಪೂರ್ತಿ ನಾಲ್ಕು ತಾಸು. ವಾಪಸ್ ಬರುವಾಗ ದುಬೈಯಿಂದ ಮಧ್ಯಾಹ್ನ 2:00ಕ್ಕೆ ಬಿಟ್ಟು ಬೆಂಗಳೂರಿಗೆ ಸಂಜೆ 7:15ಕ್ಕೆ ಇಳಿದರೆ ಗಡಿಯಾರದ ಲೆಕ್ಕ ಐದೂ ಕಾಲು ತಾಸು. ಅದರಲ್ಲಿ ಒಂದೂವರೆ ಕಳೆಯಿರಿ, ಉಳಿಯುವುದು ಮೂರೂ ಮುಕ್ಕಾಲು. ಹೋಗುವುದಕ್ಕಿಂತ ಬರುವುದೇ ಕಡಿಮೆ!

ಹೋಗುವಾಗ ಗಡಿಯಾರ ಒಂದೂವರೆ ತಾಸು ಕೊಟ್ಟಂತೆ ಕಾಣುತ್ತದೆ, ಬರುವಾಗ ಅದನ್ನೇ ಕಿತ್ತುಕೊಳ್ಳುತ್ತದೆ. ಒಟ್ಟು ಮೂರು ತಾಸಿನ ಸುಳ್ಳು ವ್ಯತ್ಯಾಸ. ಫಾರ್ವರ್ಡ್ ಬರೆದವರು ಇದನ್ನೇ ಭೂಮಿಯ ತಲೆಗೆ ಕಟ್ಟಿದ್ದಾರೆ.

ಗಡಿಯಾರಗಳು ಊರೂರಿಗೆ ಬೇರೆ ಯಾಕೆ? ಭೂಮಿ ಒಂದು ತಾಸಿಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಸಂಶಿ ಇರುವುದು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದಲ್ಲಿ, ದುಬೈ ಸುಮಾರು 55 ಡಿಗ್ರಿಯಲ್ಲಿ. 20 ಡಿಗ್ರಿ ಅಂತರ, 80 ನಿಮಿಷ. ನಿಮ್ಮ ಹೊಲದಲ್ಲಿ ಸೂರ್ಯ ಮುಳುಗಿ ಹತ್ತಿರ ಹತ್ತಿರ ಅಷ್ಟು ಹೊತ್ತಾದ ಮೇಲೆ ಅಲ್ಲಿ ಮುಳುಗುತ್ತಾನೆ. ಇನ್ನೊಂದು ಸಂಗತಿ ನಮ್ಮ ಬಹುತೇಕರ ಗಮನಕ್ಕೆ ಬಂದಿರುವುದಿಲ್ಲ: ಭಾರತದ ಗಡಿಯಾರವನ್ನು ಹೊಂದಿಸಿರುವುದು 82.5 ಡಿಗ್ರಿ ರೇಖಾಂಶಕ್ಕೆ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ನಾವು ಅದಕ್ಕಿಂತ ಪಶ್ಚಿಮಕ್ಕೆ ಇರುವುದರಿಂದ ಸಂಶಿಯಲ್ಲಿ ಸೂರ್ಯ ನಡುನೆತ್ತಿಯ ಹಾದಿಗೆ ಬರುವುದು 12 ಗಂಟೆಗಲ್ಲ, ಸರಾಸರಿ 12:30ರ ಸುಮಾರಿಗೆ. ಕೈಯಲ್ಲಿರುವ ಗಡಿಯಾರ ಸೂರ್ಯನದ್ದಲ್ಲ, ಸರಕಾರದ್ದು. ದುಬೈಯಲ್ಲೂ ಹಾಗೇ. ಅದಕ್ಕೇ 80 ನಿಮಿಷದ ಅಂತರ ಗಡಿಯಾರದಲ್ಲಿ 90 ನಿಮಿಷ ಆಗಿದೆ.

ಭೂಮಿ ತಿರುಗಿ ದುಬೈ ಹತ್ತಿರ ಬರುತ್ತದೆಯೇ?

ಭೂಮಿ ತಿರುಗುವುದು ನಿಜ, ಪೂರ್ವಕ್ಕೆ ತಿರುಗುವುದೂ ನಿಜ. ಧಾರವಾಡ ಜಿಲ್ಲೆಯ ಅಕ್ಷಾಂಶದಲ್ಲಿ ನೆಲ ತಾಸಿಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವದ ಕಡೆ ಸಾಗುತ್ತಿದೆ. ಫಾರ್ವರ್ಡ್ ಸರಿ ಎಂದೇ ಒಪ್ಪಿಕೊಂಡು ಲೆಕ್ಕ ಮಾಡಿ ನೋಡೋಣ. ಪ್ರಯಾಣಿಕ ವಿಮಾನದ ವೇಗ ತಾಸಿಗೆ ಸುಮಾರು 850 ಕಿ.ಮೀ. ಮೇಲೆ ಹಾರಿದ ಕೂಡಲೇ ಅದಕ್ಕೂ ನೆಲಕ್ಕೂ ಸಂಬಂಧ ಕಡಿದುಹೋಗುತ್ತದೆ ಎಂದರೆ, ಪಶ್ಚಿಮಕ್ಕೆ ಹೋಗುವಾಗ ದುಬೈ ಎದುರಿನಿಂದ 1,600 ವೇಗದಲ್ಲಿ ಬರುತ್ತಿರುತ್ತದೆ. ಎರಡೂ ಸೇರಿ 2,450. ಬೆಂಗಳೂರು–ದುಬೈ ನಡುವಿನ 2,700 ಕಿ.ಮೀ. ಒಂದು ತಾಸು ಆರೇಳು ನಿಮಿಷದಲ್ಲಿ ಮುಗಿಯಬೇಕಿತ್ತು. ಎರಡೂವರೆ ತಾಸೂ ಬೇಡ. ವಾಪಸ್ ಬರುವಾಗ? ಬೆಂಗಳೂರು 1,600 ವೇಗದಲ್ಲಿ ಮುಂದೆ ಓಡುತ್ತದೆ, ವಿಮಾನ 850ರಲ್ಲಿ ಬೆನ್ನಟ್ಟುತ್ತದೆ. ಐದು ತಾಸಲ್ಲ, ಐವತ್ತು ತಾಸು ಬೆನ್ನಟ್ಟಿದರೂ ಅಂತರ ಹೆಚ್ಚುತ್ತಲೇ ಹೋಗುತ್ತದೆ. ದುಬೈಗೆ ಹೋದವರು ಯಾರೂ ಆ ದಾರಿಯಿಂದ ಊರಿಗೆ ಬರುವ ಹಾಗೇ ಇಲ್ಲ. ಫಾರ್ವರ್ಡ್‌ನ ಲೆಕ್ಕ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಇಲ್ಲಿ.

ನಿಜದಲ್ಲಿ ಆಗುವುದು ಬೇರೆ. ಹುಬ್ಬಳ್ಳಿ ರೈಲಿನಲ್ಲಿ ಕೂತು ಒಂದು ಶೇಂಗಾ ಕಾಳನ್ನು ಮೇಲಕ್ಕೆ ಎಸೆಯಿರಿ. ಅದು ಹಿಂದಿನ ಸೀಟಿನವರ ಮೇಲೆ ಬೀಳುವುದಿಲ್ಲ, ನಿಮ್ಮ ಕೈಗೇ ಬೀಳುತ್ತದೆ. ರೈಲಿನ ವೇಗ ಕಾಳಿಗೂ ಇತ್ತು, ಎಸೆದ ಮೇಲೂ ಇದೆ. ರನ್‌ವೇ ಮೇಲೆ ಸುಮ್ಮನೆ ನಿಂತ ವಿಮಾನಕ್ಕೂ ಭೂಮಿಯ 1,600 ಕಿ.ಮೀ. ವೇಗ ಮೊದಲೇ ಇರುತ್ತದೆ. ಅದರ ಸುತ್ತಲಿನ ಗಾಳಿಗೂ ಇರುತ್ತದೆ. ಗಾಳಿ ಭೂಮಿಯ ಜೊತೆ ತಿರುಗದೆ ಹಿಂದೆ ಉಳಿದಿದ್ದರೆ ಸಂಶಿಯಲ್ಲಿ ಹಗಲೂ ರಾತ್ರಿ ಪೂರ್ವದಿಂದ ತಾಸಿಗೆ 1,600 ಕಿ.ಮೀ. ಬಿರುಗಾಳಿ ಬೀಸುತ್ತಿರಬೇಕಿತ್ತು. ಮನೆ, ಮರ, ಬಣವಿ ಯಾವುದೂ ನಿಲ್ಲುತ್ತಿರಲಿಲ್ಲ.

ಈ ವಾದ ವಾಟ್ಸಾಪ್ ಕಾಲದ್ದಲ್ಲ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಆರ್ಯಭಟ, ದೋಣಿಯಲ್ಲಿ ಹೋಗುವವನಿಗೆ ದಡದ ಮರಗಳು ಹಿಂದೆ ಸರಿದಂತೆ ಕಾಣುವ ಹೋಲಿಕೆ ಕೊಟ್ಟು ಭೂಮಿ ತಿರುಗುವುದನ್ನು ವಿವರಿಸಿದ್ದ. ಅವನ ನಂತರದ ವರಾಹಮಿಹಿರ ಅದನ್ನು ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಹಕ್ಕಿಗಳು ಮತ್ತೆ ತಮ್ಮ ಗೂಡು ಸೇರುವುದು ಹೇಗೆ ಎಂಬುದು ಅವನ ಆಕ್ಷೇಪ. ಹಕ್ಕಿಯ ಜಾಗದಲ್ಲಿ ಈಗ ವಿಮಾನ ಬಂದಿದೆ, ಅಷ್ಟೇ. ಫಾರ್ವರ್ಡ್ ಬರೆದವರಿಗೆ ಒಳ್ಳೆಯ ಸಂಗಾತಿಯೇ ಸಿಕ್ಕಿದ್ದಾರೆ ಎನ್ನಬೇಕು. ಆದರೆ ವರಾಹಮಿಹಿರನಿಗೆ ರೈಲು ಇರಲಿಲ್ಲ, ನಮಗಿದೆ.

ಹಾಗಾದರೆ ಆ ಕಾಲು ತಾಸಿನ ವ್ಯತ್ಯಾಸ ಎಲ್ಲಿಂದ ಬಂತು?

ಗಾಳಿಯಿಂದ. ಆಷಾಢದಲ್ಲಿ ನಮ್ಮ ಎರಿ ಹೊಲಗಳ ನಡುವೆ ಪಶ್ಚಿಮದ ಕಡೆ ಸೈಕಲ್ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋಗುವಾಗ ಎದೆಗೆ ಬಡಿಯುವ ಗಾಳಿ ಬರುವಾಗ ಬೆನ್ನು ತಳ್ಳುತ್ತದೆ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನಕ್ಕೂ ಹೀಗೇ. ಅಲ್ಲಿ ಜೆಟ್ ಪ್ರವಾಹ ಎಂಬ ಗಾಳಿಯ ಹೊಳೆಗಳು ಹರಿಯುತ್ತವೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಹೊಳೆ ತಾಸಿಗೆ 100–200 ಕಿ.ಮೀ. ವೇಗ ಮುಟ್ಟುತ್ತದೆ. ದುಬೈ ದಾರಿ ಅದರ ನಡುವಿನಲ್ಲೇ ಹೋಗುವುದಿಲ್ಲ, ಆದರೆ ಅದರ ಸೆಳೆತ ತಟ್ಟುತ್ತದೆ. ದಾರಿಯುದ್ದಕ್ಕೂ ಸರಾಸರಿ 80 ಕಿ.ಮೀ. ಗಾಳಿ ಇದೆ ಎಂದುಕೊಂಡರೆ, ಎದುರುಗಾಳಿಯಲ್ಲಿ 850 ಇದ್ದದ್ದು 770 ಆಗುತ್ತದೆ, 2,700 ಕಿ.ಮೀ.ಗೆ ಮೂರೂವರೆ ತಾಸು. ಬೆನ್ನುಗಾಳಿಯಲ್ಲಿ 930 ಆಗುತ್ತದೆ, ಮೂರು ತಾಸಿಗೆ ಸ್ವಲ್ಪ ಕಡಿಮೆ. ಇದಕ್ಕೆ ಏರುವ, ಇಳಿಯುವ, ರನ್‌ವೇವರೆಗೆ ಉರುಳುತ್ತ ಹೋಗುವ ಹೊತ್ತು ಸೇರಿಸಿದರೆ ಟಿಕೆಟ್‌ನ ಅವಧಿ ಬರುತ್ತದೆ.

ದೂರ ಹೆಚ್ಚಿದಷ್ಟೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬೆಂಗಳೂರಿನಿಂದ ಟೋಕಿಯೊ ಸುಮಾರು 6,700 ಕಿ.ಮೀ. ಹೋಗಲು ಎಂಟು ತಾಸಿನ ಆಸುಪಾಸು, ಬರಲು ಹತ್ತರ ಹತ್ತಿರ. ಜಪಾನಿನ ಮೇಲಿನ ಜೆಟ್ ಪ್ರವಾಹ ಅಷ್ಟು ಬಲವಾದದ್ದು. 1920ರ ದಶಕದಲ್ಲಿ ವಾಸಾಬುರೊ ಓಯಿಶಿ ಎಂಬ ಜಪಾನಿ ಹವಾಮಾನ ವಿಜ್ಞಾನಿ ಬಲೂನು ಹಾರಿಸಿ ಈ ಗಾಳಿಯನ್ನು ಅಳೆದಿದ್ದರು. ಜಗತ್ತಿನ ಎಲ್ಲರಿಗೂ ತಿಳಿಯಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು, ಹಾಗಾಗಿಯೇ ಹೆಚ್ಚು ಜನ ಓದಲಿಲ್ಲ! ಟೋಕಿಯೊ ಗಡಿಯಾರ ನಮಗಿಂತ ಮೂರೂವರೆ ತಾಸು ಮುಂದೆ. ಹಾಗಾಗಿ ಟಿಕೆಟ್ ನೋಡಿದರೆ ಹೋಗಲು ಹನ್ನೊಂದೂವರೆ, ಬರಲು ಆರೂವರೆ ಎಂದು ಕಾಣುತ್ತದೆ. ಇಲ್ಲೂ ಗಡಿಯಾರ ಹೇಳುವುದು ನಿಜಕ್ಕೆ ಉಲ್ಟಾ.

ಇನ್ನು, "ಪಶ್ಚಿಮಕ್ಕೆ ಹೋಗುವುದು ಯಾವಾಗಲೂ ನಿಧಾನ" ಎಂದು ನಾವು ಇನ್ನೊಂದು ಫಾರ್ವರ್ಡ್ ಹುಟ್ಟಿಸಬಾರದು. ಮುಂಗಾರಿನಲ್ಲಿ ಉತ್ತರದ ಆ ಹೊಳೆ ಹಿಮಾಲಯದ ಆಚೆ ಸರಿದುಹೋಗುತ್ತದೆ. ಆಗ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಬೇರೊಂದು ಹೊಳೆ ಹುಟ್ಟಿಕೊಳ್ಳುತ್ತದೆ. ಅದನ್ನು 1950ರ ದಶಕದಲ್ಲಿ ವಿವರಿಸಿದವರು ನಮ್ಮವರೇ, ಭಾರತೀಯ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ. ಅಂದರೆ ಆಷಾಢದಲ್ಲಿ ನೆಲದ ಮೇಲೆ ಸೈಕಲ್ ಸವಾರನ ಎದೆಗೆ ಪಶ್ಚಿಮದ ಗಾಳಿ ಬಡಿಯುತ್ತಿರುವಾಗ, ಅವನ ತಲೆಯ ಮೇಲೆ ಹನ್ನೆರಡು, ಹದಿನೈದು ಕಿ.ಮೀ. ಎತ್ತರದಲ್ಲಿ ಗಾಳಿ ತದ್ವಿರುದ್ಧ ದಿಕ್ಕಿಗೆ ಓಡುತ್ತಿರುತ್ತದೆ. ಆ ತಿಂಗಳುಗಳಲ್ಲಿ ದುಬೈಗೆ ಹೋಗುವ ವಿಮಾನಕ್ಕೆ ದಾರಿಯ ಮೊದಲ ಭಾಗದಲ್ಲಿ ಬೆನ್ನುಗಾಳಿಯೇ ಸಿಗಬಹುದು.

ಭೂಮಿಯ ತಿರುಗುವಿಕೆಗೆ ಇದರಲ್ಲಿ ಪಾಲೇ ಇಲ್ಲವೇ ಎಂದರೆ, ಇದೆ. ಜೆಟ್ ಪ್ರವಾಹಗಳು ಪೂರ್ವ–ಪಶ್ಚಿಮವಾಗಿ ಹರಿಯುವುದಕ್ಕೆ ಬಿಸಿಲಿನ ವ್ಯತ್ಯಾಸದ ಜೊತೆಗೆ ಭೂಮಿ ತಿರುಗುವುದೂ ಕಾರಣ. ಅಂದರೆ ಭೂಮಿ ಗಾಳಿಯನ್ನು ತಿರುಗಿಸುತ್ತದೆ, ಗಾಳಿ ವಿಮಾನವನ್ನು ತಳ್ಳುತ್ತದೆ. ದುಬೈ ಎದ್ದು ಬರುವುದಿಲ್ಲ.

ದೂರ ಎಂದರೆ ಯಾವ ದೂರ?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎಷ್ಟು ದೂರ ಎಂದು ಕೇಳಿ. ರೈಲಿನವರು ಸುಮಾರು 470 ಕಿ.ಮೀ. ಎನ್ನುತ್ತಾರೆ. ರಸ್ತೆಯಲ್ಲಿ 400ಕ್ಕಿಂತ ಹೆಚ್ಚು. ಎರಡೂ ವಿಮಾನ ನಿಲ್ದಾಣಗಳ ನಡುವೆ ಆಕಾಶದಲ್ಲಿ ನೇರ ಅಳೆದರೆ ಸುಮಾರು 370. ಮೂರೂ ಸರಿ. ವಿಮಾನದ ದೂರ ಎಂದಾಗ ಹೇಳುವುದು ಈ ಕೊನೆಯದು, ಭೂಮಿಯ ಉಬ್ಬಿದ ಮೈಮೇಲೆ ಬಿಗಿದ ದಾರದ ಉದ್ದ.

ಬಿಗಿದ ದಾರ ಎಂದದ್ದಕ್ಕೆ ಕಾರಣ ಇದೆ. ಮೊಬೈಲ್ ನಕ್ಷೆಯಲ್ಲಿ ವಿಮಾನದ ದಾರಿ ಬಿಲ್ಲಿನಂತೆ ಬಾಗಿರುವುದನ್ನು ನೋಡಿ "ಎಣ್ಣೆ ಸುಡಲು ಸುತ್ತಿಸುತ್ತಾರೆ" ಎನ್ನುವವರಿದ್ದಾರೆ. ಒಂದು ದುಂಡು ಕುಂಬಳಕಾಯಿ ತೆಗೆದುಕೊಂಡು ಎರಡು ಚುಕ್ಕೆ ಇಟ್ಟು ದಾರ ಬಿಗಿದು ನೋಡಿ. ಕಾಯಿಯ ಮೇಲೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಅದನ್ನೇ ಚಪ್ಪಟೆ ಕಾಗದಕ್ಕೆ ಇಳಿಸಿದರೆ ಬಾಗಿದಂತೆ ಕಾಣುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ, ಮಹಿಳಾ ಪೈಲಟ್‌ಗಳೇ ನಡೆಸಿದ್ದು, ಉತ್ತರ ಧ್ರುವದ ಮೇಲಿಂದ ಬಂದದ್ದೂ ಇದೇ ಲೆಕ್ಕಕ್ಕೆ.

ಸಂಶಿಯ ಹುಡುಗನ ದಾರಿಯನ್ನು ನಾವು ಇದೇ ರೀತಿ ಅಳೆದು ನೋಡಿದೆವು. ಬೆಂಗಳೂರು–ದುಬೈ ನೇರ ಗೆರೆ ವಾಯವ್ಯಕ್ಕೆ ಹೊರಟು ಹೆಚ್ಚುಕಡಿಮೆ ಬ್ಯಾಡಗಿಯ ಮೇಲೆ ಹಾದು ಅರಬ್ಬಿ ಸಮುದ್ರ ಸೇರುತ್ತದೆ. ಬ್ಯಾಡಗಿ ಸಂಶಿಯಿಂದ ದಕ್ಷಿಣಕ್ಕೆ 50–60 ಕಿ.ಮೀ. ಅಷ್ಟೇ. ಈಗ ಪ್ರಯಾಣ ನೋಡಿ: ಹುಡುಗ ಸಂಶಿಯಿಂದ ಉಲ್ಟಾ ದಿಕ್ಕಿನಲ್ಲಿ ಹುಬ್ಬಳ್ಳಿಗೆ ಹೋಗಿ ರಾತ್ರಿ ರೈಲು ಹಿಡಿಯುತ್ತಾನೆ. ಆ ರೈಲು ಅವನ ಊರಿನ ಸ್ಟೇಷನ್ ದಾಟಿಕೊಂಡೇ, ಬ್ಯಾಡಗಿ ದಾಟಿಕೊಂಡೇ ಬೆಂಗಳೂರಿಗೆ ಹೋಗುತ್ತದೆ. ಮರುದಿನ ವಿಮಾನ ಹತ್ತಿದ ಸುಮಾರು ಅರ್ಧ ತಾಸಿಗೆ ಮತ್ತೆ ಬ್ಯಾಡಗಿಯ ಆಸುಪಾಸಿನ ಆಕಾಶಕ್ಕೇ ಬಂದಿರುತ್ತಾನೆ! ಹುಬ್ಬಳ್ಳಿಯಿಂದಲೇ ದುಬೈಗೆ ಅಳೆದರೆ ಸುಮಾರು 2,330 ಕಿ.ಮೀ., ಬೆಂಗಳೂರಿನಿಂದ ಹೋಗುವುದಕ್ಕಿಂತ 370 ಕಿ.ಮೀ. ಕಡಿಮೆ. ಆದರೆ ಅಲ್ಲಿಂದ ನೇರ ವಿಮಾನ ಇಲ್ಲದ್ದರಿಂದ ಆ ಸಂಖ್ಯೆ ಸದ್ಯಕ್ಕೆ ನಕ್ಷೆಯ ಮೇಲಷ್ಟೇ.

ಹಾಗಾಗಿ ಫಾಸ್ಟ್ ಫ್ಲೈಟ್ ಎಂದು ಹೆಚ್ಚು ರೊಕ್ಕ ಕೊಡುವ ಮುಂಚೆ ಮನೆಯಿಂದ ಲೆಕ್ಕ ಹಾಕಿ. ಸಂಶಿಯಿಂದ ಹುಬ್ಬಳ್ಳಿ, ಅಲ್ಲಿಂದ ರಾತ್ರಿಯಿಡೀ ರೈಲು, ಸ್ಟೇಷನ್‌ನಿಂದ ದೇವನಹಳ್ಳಿವರೆಗೆ ಬಸ್ಸು, ಮೂರು ತಾಸು ಮೊದಲೇ ಹಾಜರಿ, ಆಮೇಲೆ ನಾಲ್ಕು ತಾಸು ಹಾರಾಟ, ಇಳಿದ ಮೇಲೆ ಇಮಿಗ್ರೇಷನ್ ಸಾಲು. ಇಪ್ಪತ್ತು ತಾಸಿನ ಹತ್ತಿರ ಹೋಗುತ್ತದೆ. ನಡುವೆ ಎಲ್ಲೂ ಇಳಿಯದ ಎರಡು ವಿಮಾನಗಳ ನಡುವೆ ಹತ್ತು–ಹದಿನೈದು ನಿಮಿಷದ ವ್ಯತ್ಯಾಸ ಇರಬಹುದು, ಒಂದೂವರೆ ತಾಸಿನದು ಇರಲಾರದು. ರೊಕ್ಕ ಹೆಚ್ಚು ಕಡಿಮೆ ಆಗುವುದು ದಿನಾಂಕ, ಸಾಮಾನಿನ ತೂಕ, ಎಷ್ಟು ಮೊದಲು ಬುಕ್ ಮಾಡಿದಿರಿ ಎಂಬುದರ ಮೇಲೆ.

ನಿಜವಾಗಿ ವಿಮಾನ ತಪ್ಪಿಸುವ ಗಡಿಯಾರ

ನಮ್ಮನ್ನು ಕೇಳಿದರೆ ಭೂಮಿ ತಿರುಗುವ ಫಾರ್ವರ್ಡ್‌ಗಿಂತ ಅಪಾಯದ್ದು ಇನ್ನೊಂದಿದೆ, ಅದು ಯಾರೂ ಫಾರ್ವರ್ಡ್ ಮಾಡದ ತಪ್ಪು. ಗಲ್ಫ್ ಕಡೆಯ ಎಷ್ಟೋ ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟ್‌ನಲ್ಲಿ "15ನೇ ತಾರೀಖು, 00:40" ಎಂದಿದೆ ಎನ್ನಿ. ನಮ್ಮ ಮನೆಗಳಲ್ಲಿ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ, ಪಂಚಾಂಗದ ವಾರವೂ ಹಾಗೇ. ಹಾಗಾಗಿ "15ನೇ ತಾರೀಖಿನ ರಾತ್ರಿ" ಎಂದು ಓದಿಕೊಂಡು 15ರ ಸಂಜೆ ಊರು ಬಿಡುವವರಿದ್ದಾರೆ. ಅಷ್ಟೊತ್ತಿಗೆ ವಿಮಾನ ಹಾರಿ ಮುಕ್ಕಾಲು ದಿನ ಕಳೆದಿರುತ್ತದೆ. 00:40 ಎಂದರೆ 14ರ ರಾತ್ರಿ ಊಟ ಮುಗಿದ ಮೇಲೆ ಬರುವ ಹನ್ನೆರಡೂ ನಲವತ್ತು. ನಿಲ್ದಾಣದಲ್ಲಿ ಇರಬೇಕಾದದ್ದು 14ರ ರಾತ್ರಿ ಒಂಬತ್ತೂವರೆಗೆ, ಹುಬ್ಬಳ್ಳಿಯ ರೈಲು ಹತ್ತಬೇಕಾದದ್ದು 13ರ ರಾತ್ರಿ ಅಥವಾ 14ರ ಬೆಳಿಗ್ಗೆ. ಸಾಮಾನು ಒಪ್ಪಿಸುವ ಕೌಂಟರನ್ನು ಅಂತರರಾಷ್ಟ್ರೀಯ ವಿಮಾನಗಳಿಗೆ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚುತ್ತಾರೆ. ಆಮೇಲೆ ವಿಮಾನ ಕಣ್ಣೆದುರು ನಿಂತಿದ್ದರೂ ಹತ್ತಿಸಿಕೊಳ್ಳುವುದಿಲ್ಲ. ಸಾಲ ಮಾಡಿ ತೆಗೆಸಿದ ಟಿಕೆಟ್ ಹೀಗೆ ಹೋದರೆ ಮತ್ತೆ ಕೈಗೆ ಬರುವುದು ಅಷ್ಟರಲ್ಲೇ ಇದೆ.

ಮುಟ್ಟುವ ಸಮಯದ ಪಕ್ಕದಲ್ಲಿ +1 ಎಂದಿದ್ದರೆ ಮರುದಿನ ಮುಟ್ಟುತ್ತದೆ ಎಂದರ್ಥ. ನಡುವೆ ಬೇರೆ ಊರಿನಲ್ಲಿ ವಿಮಾನ ಬದಲಿಸುವುದಿದ್ದರೆ ಅಲ್ಲಿನ ಎರಡೂ ಸಮಯ ಅದೇ ಊರಿನ ಗಡಿಯಾರದ್ದು, ಅಲ್ಲಿ ಮಾತ್ರ ಸೀದಾ ಕಳೆಯಬಹುದು. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟಿದ್ದರೆ ಇಳಿದು ನೆಟ್‌ವರ್ಕ್ ಸಿಗುವವರೆಗೆ ಅದು ಭಾರತದ ಸಮಯವನ್ನೇ ತೋರಿಸುತ್ತಿರಬಹುದು, ಗೋಡೆಯ ಗಡಿಯಾರ ನೋಡಿ. ಇನ್ಸುಲಿನ್‌ನಂತಹ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವ ಔಷಧಿ ಇದ್ದವರು ಊರು ಬಿಡುವ ಮುಂಚೆಯೇ ಡಾಕ್ಟರಿಗೆ ಎರಡೂ ಊರಿನ ಗಂಟೆ ತೋರಿಸಿ ಕೇಳಿಕೊಳ್ಳುವುದು ಒಳ್ಳೆಯದು.

ನಾವು ಇಷ್ಟನ್ನು ಬರೆದು ಕಳಿಸಿದ ಮೇಲೆ ಸಂಶಿಯ ಗುಂಪಿನಿಂದ ಇನ್ನೊಂದು ಪ್ರಶ್ನೆ ಬಂತು: ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ಈ ವಿಮಾನವೂ ಸುತ್ತಿ ಹೋಗಬೇಕೇ? 2019ರ ಫೆಬ್ರವರಿಯಿಂದ ಜುಲೈವರೆಗೆ, ಮತ್ತೆ 2025ರ ಏಪ್ರಿಲ್‌ನಿಂದ ಹೀಗೆ ಆಕಾಶ ಮುಚ್ಚಿದಾಗ ಹೆಚ್ಚು ಪೆಟ್ಟು ಬಿದ್ದದ್ದು ದೆಹಲಿಯಿಂದ ಪಶ್ಚಿಮಕ್ಕೆ, ಉತ್ತರಕ್ಕೆ ಹಾರುವ ವಿಮಾನಗಳಿಗೆ. 2025ರಲ್ಲಿ ಇಂಡಿಗೊ ತಾಷ್ಕೆಂಟ್ ಮತ್ತು ಅಲ್ಮಾಟಿ ವಿಮಾನಗಳನ್ನೇ ನಿಲ್ಲಿಸಬೇಕಾಯಿತು, ಸುತ್ತಿ ಹೋದರೆ ಅಷ್ಟು ದೂರ ಅದರ ಚಿಕ್ಕ ವಿಮಾನಗಳಿಗೆ ಆಗುತ್ತಿರಲಿಲ್ಲ. ಬೆಂಗಳೂರು–ದುಬೈ ದಾರಿ ಸಮುದ್ರದ ಮೇಲೆ ಹೋಗಿ ಒಮಾನ್ ಕಡೆಯಿಂದ ಒಳಗೆ ಸೇರುವುದರಿಂದ ಹುಡುಗನ ನಾಲ್ಕು ತಾಸು ನಾಲ್ಕೇ ತಾಸು.